ಊರಿನ ಲೈಬ್ರರಿ ನಡೆಸುವುದು, ಅದರ ಬೆಲೆ ಊರಿಗೆ ತೋರಿಸುವುದು

ಮನೆ ಕಂದಾಯ ಕಟ್ಟಿದ ರಸೀದಿ ಇದ್ದರೆ ಒಮ್ಮೆ ತೆಗೆದು ನೋಡಿ. ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ ಅಂತ ಸಾಲಾಗಿ ಬರೆದಿರುತ್ತದೆ. ಅವುಗಳ ಜೊತೆಗೇ ಗ್ರಂಥಾಲಯ ಕರ ಅಂತಲೂ ಒಂದು ಸಾಲು ಇರುತ್ತದೆ. ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಬಲದಿಂದ ಬರುವ ದುಡ್ಡು ಇದು. ಅಂದರೆ ಒಂದು ದಿನವೂ ಲೈಬ್ರರಿಯ ಬಾಗಿಲು ನೋಡದವರು ಕೂಡ ಅದಕ್ಕೆ ಪ್ರತಿ ವರ್ಷ ದುಡ್ಡು ಕಟ್ಟುತ್ತಿದ್ದಾರೆ. ಆ ದುಡ್ಡಿನಿಂದ ಊರಿಗೆ ಏನಾಯಿತು ಅಂತ ಅವರು ಕೇಳಿದರೆ ಉತ್ತರ ನಮ್ಮ ಹತ್ತಿರ ಇರಬೇಕು, ಅದೂ ಬರಹದಲ್ಲಿ ಇರಬೇಕು.

ಇದನ್ನು ಗ್ರಾಮ ಪಂಚಾಯಿತಿ ಲೈಬ್ರರಿಗಳ ಮೇಲ್ವಿಚಾರಕರಿಗೆ, ಅದರಲ್ಲೂ ಹೊಸದಾಗಿ ಬಂದವರಿಗೆ ಅಂತ ಬರೆಯುತ್ತಿದ್ದೇನೆ. ಊರಿನಲ್ಲಿ ತಾವೇ ಒಂದು ಕೋಣೆ ಹಿಡಿದು ಪುಸ್ತಕ ಜೋಡಿಸಿ ಕೂತಿರುವ ಯುವಕ ಸಂಘದವರಿಗೂ ಬಹುಪಾಲು ಅನ್ವಯಿಸುತ್ತದೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅರಿವು ಕೇಂದ್ರ ಅಂತ ಬೋರ್ಡ್ ಇರುವುದು ಇವಕ್ಕೇ. ಇದರಿಂದ ನಮಗೆ ಆದ ದೊಡ್ಡ ಬದಲಾವಣೆ ಏನೆಂದರೆ, ಫ್ಯಾನ್ ಬೇಕೋ, ರ್‍ಯಾಕ್ ಬೇಕೋ, ಸೋರುವ ಸೂರು ರಿಪೇರಿ ಆಗಬೇಕೋ, ಅದನ್ನು ತೀರ್ಮಾನಿಸುವವರು ಈಗ ಪಕ್ಕದ ಕಟ್ಟಡದಲ್ಲೇ ಕೂರುತ್ತಾರೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಅಧ್ಯಕ್ಷರು, ಸದಸ್ಯರು. ಇವರೆಲ್ಲ ದಿನಾ ನಮ್ಮ ಮುಂದೆ ಓಡಾಡುವವರು. ಚರಂಡಿ, ಕುಡಿಯುವ ನೀರು, ಬೀದಿ ದೀಪ ಅಂತ ಅವರ ತಲೆಯ ಮೇಲೆ ನೂರು ಕೆಲಸ ಇರುತ್ತವೆ, ಅದರ ನಡುವೆ ನಮ್ಮದೂ ಕಾಣಿಸಬೇಕು ಅಂದರೆ ಸುಮ್ನೆ ‘ಜ್ಞಾನ ಮುಖ್ಯ’ ಅಂತ ಭಾಷಣ ಮಾಡಿದರೆ ಸಾಲದು. ಯಾರು ಬಂದರು, ಯಾವ ಕೆಲಸಕ್ಕೆ ಬಂದರು, ಆ ಕೆಲಸ ಆಯಿತಾ ಅನ್ನುವ ಲೆಕ್ಕ ಬೇಕು.

ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ: ಎಷ್ಟು ಪುಸ್ತಕ ಇದೆ ಅನ್ನುವ ಲೆಕ್ಕದ ಜೊತೆಗೆ, ಎಷ್ಟು ಬಳಕೆ ಆಯಿತು ಅನ್ನುವ ಲೆಕ್ಕವನ್ನು ಮೊದಲ ದಿನದಿಂದಲೇ ಇಡಿ. ಉಳಿದದ್ದೆಲ್ಲ ಅದನ್ನು ಹೇಗೆ ಮಾಡುವುದು ಅನ್ನುವ ವಿವರ.

ಜೋಡಿಸುವ ಕೆಲಸ

ಲೈಬ್ರರಿ ಸೈನ್ಸ್ ಓದಿದವರು ಡ್ಯೂಯಿ ನಂಬರ್ (ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿ) ಹಾಕಬೇಕು ಅನ್ನುತ್ತಾರೆ. ದೊಡ್ಡ ಲೈಬ್ರರಿಗೆ ಅದು ಬೇಕೇ ಬೇಕು. ಆದರೆ ಆ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆಲ್ಲ ಸೇರಿ ಸಿಕ್ಕಿರುವ ಜಾಗ 894.814. ನಮ್ಮ ರ್‍ಯಾಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದೇ ಕನ್ನಡದ ಕಥೆ, ಕಾದಂಬರಿ, ಕವನ. ಎಲ್ಲದರ ಬೆನ್ನಿಗೂ ಅದೇ ನಂಬರ್ ಶುರುವಿನಲ್ಲಿ ಬಂದರೆ ಓದಲು ಬಂದ ಅಜ್ಜನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಎರಡು ಮೂರು ಸಾವಿರ ಪುಸ್ತಕ ಇರುವ ಕಡೆ ಕನ್ನಡದಲ್ಲಿ ದೊಡ್ಡದಾಗಿ ಬರೆದ ಚೀಟಿ ಸಾಕು. ಕಥೆ, ಕಾದಂಬರಿ, ಕವನ, ಜೀವನ ಚರಿತ್ರೆ, ಕೃಷಿ, ಆರೋಗ್ಯ, ಕಾನೂನು, ಪರೀಕ್ಷೆ ಪುಸ್ತಕ, ಮಕ್ಕಳ ಪುಸ್ತಕ. ಕಾದಂಬರಿಗಳನ್ನು ಲೇಖಕರ ಹೆಸರಿನ ಅಕ್ಷರದ ಪ್ರಕಾರ ಇಡಿ, ಯಾಕೆಂದರೆ ಜನ ಕೇಳುವುದು ಹಾಗೇ. ಮಕ್ಕಳ ಪುಸ್ತಕಕ್ಕೆ ಬಣ್ಣದ ಪಟ್ಟಿ ಅಂಟಿಸಿ. ಚಿತ್ರವೇ ಜಾಸ್ತಿ ಇರುವುದಕ್ಕೆ ಒಂದು ಬಣ್ಣ, ಸಣ್ಣ ವಾಕ್ಯಗಳ ಕಥೆಗೆ ಒಂದು, ದೊಡ್ಡ ಮಕ್ಕಳ ಓದಿಗೆ ಇನ್ನೊಂದು. ಮಕ್ಕಳ ರ್‍ಯಾಕ್ ಅವರ ಎದೆಮಟ್ಟಕ್ಕೆ ಇರಲಿ, ಬೀರುವಿನೊಳಗೆ ಬೀಗ ಹಾಕಿ ಇಡಬೇಡಿ. ಪುಸ್ತಕ ಹರಿಯುತ್ತದೆ, ನಿಜ. ಹರಿದ ಪುಸ್ತಕ ಓದಿದ ಪುಸ್ತಕ ಅಲ್ವಾ?

ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಐದು ಸೂತ್ರ ಹೇಳಿದರು. ಪುಸ್ತಕ ಇರುವುದು ಬಳಸಲಿಕ್ಕೆ ಅನ್ನುವುದೇ ಅದರಲ್ಲಿ ಮೊದಲನೆಯದು. ಓದುಗರ ಸಮಯ ಉಳಿಸಿ ಅನ್ನುವುದು ನಾಲ್ಕನೆಯದು. ತಮ್ಮ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲೇ ಕಳೆದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಬೀಗ ಹಾಕಿದ ಬೀರು ಕಂಡಾಗೆಲ್ಲ ನನಗೆ ಆ ಮೊದಲ ಸೂತ್ರ ನೆನಪಾಗುತ್ತದೆ.

ಪುಸ್ತಕದ ಆರೈಕೆ ಬಗ್ಗೆ ನಾಲ್ಕು ಮಾತು. ರ್‍ಯಾಕ್ ಗೋಡೆಗೆ ಅಂಟಿಕೊಂಡಿರಬಾರದು, ನಾಲ್ಕು ಬೆರಳು ಜಾಗ ಬಿಡಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ತೇವ ಗೋಡೆಯಿಂದಲೇ ಪುಸ್ತಕಕ್ಕೆ ಇಳಿಯುತ್ತದೆ. ಬಯಲುಸೀಮೆಯಲ್ಲಾದರೆ ಗೆದ್ದಲು. ಕೆಳಗಿನ ಅಂಕಣವನ್ನು ವಾರಕ್ಕೊಮ್ಮೆಯಾದರೂ ಕೈಹಾಕಿ ನೋಡಿ. ಹರಿದ ಹಾಳೆಗೆ ಸೆಲೋಟೇಪ್ ಬೇಡ, ಅದು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ತೆಳು ಕಾಗದ, ಮೈದಾ ಅಂಟು ಸಾಕು. ಬೈಂಡಿಂಗ್‌ನವರು ಆ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಹುಳ ಬರದಿರಲಿ ಅಂತ. ಅದು ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಬಾಗಿಲು ಯಾವಾಗ ತೆರೆದಿರಬೇಕು

ಆದೇಶದಲ್ಲಿ ಎಷ್ಟು ಗಂಟೆ ಅಂತ ಇರುತ್ತದೆಯೋ ಅಷ್ಟು ತೆರೆಯಲೇಬೇಕು. ಆದರೆ ಯಾವ ಗಂಟೆ ಅನ್ನುವುದರಲ್ಲಿ ಪಂಚಾಯಿತಿ ಜೊತೆ ಮಾತಾಡಿ ಊರಿಗೆ ಹೊಂದಿಸಿಕೊಳ್ಳಲು ಆಗುತ್ತದೆಯೇ ಕೇಳಿ. ಡೇರಿಗೆ ಹಾಲು ಹಾಕುವ ಊರಿನಲ್ಲಿ ಸಂಜೆ ಹಾಲಿನ ಹೊತ್ತಿಗೆ ದೊಡ್ಡವರು ಬರುವುದಿಲ್ಲ, ಹಾಕಿದ ಮೇಲೆ ಬರುತ್ತಾರೆ. ಮಕ್ಕಳು ಶಾಲೆ ಬಿಟ್ಟ ಕೂಡಲೇ ಬರುತ್ತಾರೆ. ಪರೀಕ್ಷೆಗೆ ಓದುವವರು ಬೆಳಗಿನ ಹೊತ್ತು ಕೇಳುತ್ತಾರೆ. ರಜೆ ಯಾವ ದಿನ ಅಂತ ಬಾಗಿಲಿಗೆ ಬರೆದು ಹಾಕಿ, ಬರೆದದ್ದನ್ನು ಮೀರಿ ಬಾಗಿಲು ಮುಚ್ಚಬೇಡಿ. ಮೂರು ಮೈಲಿ ಸೈಕಲ್ ತುಳಿದು ಬಂದ ಹುಡುಗ ಎರಡು ಸಲ ಬೀಗ ನೋಡಿದರೆ ಮೂರನೇ ಸಲ ಬರುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ತುಂಬ ಕಡೆ ಲೈಬ್ರರಿ ಅಂದರೆ ಗಂಡಸರು ಪೇಪರ್ ಹಿಡಿದು ಕೂರುವ ಜಾಗ. ಮುಂದಿನ ಕಟ್ಟೆ ಮೇಲೆ ಹತ್ತು ಜನ ಕೂತಿದ್ದರೆ, ಅವರನ್ನು ದಾಟಿ ಒಳಗೆ ಬರಲು ಮನೆಯ ಹೆಂಗಸರಿಗೆ ಮನಸ್ಸಾಗುವುದಿಲ್ಲ, ಅದರಲ್ಲಿ ಅವರದೇನೂ ತಪ್ಪಿಲ್ಲ. ಅವರು ಬರಲಿಲ್ಲ ಅಂತ ಹೇಳುವ ಬದಲು ನಾವೇ ಹೋಗಬೇಕು. ಸ್ವಸಹಾಯ ಸಂಘದ ಸಭೆ ವಾರದ ಯಾವ ದಿನ ಅಂತ ಗೊತ್ತು ಮಾಡಿಕೊಳ್ಳಿ, ಒಂದು ಚೀಲದಲ್ಲಿ ಇಪ್ಪತ್ತು ಇಪ್ಪತ್ತೈದು ಪುಸ್ತಕ, ಜೊತೆಗೆ ವಾರಪತ್ರಿಕೆಗಳು, ಎರವಲು ವಹಿ ತೆಗೆದುಕೊಂಡು ಅಲ್ಲಿಗೇ ಹೋಗಿ, ಅಲ್ಲೇ ಸಹಿ ಮಾಡಿಸಿ ಕೊಡಿ, ಮುಂದಿನ ವಾರ ಅಲ್ಲೇ ವಾಪಸ್ ತೆಗೆದುಕೊಳ್ಳಿ. ಅಡುಗೆ, ಹೊಲಿಗೆ ಪುಸ್ತಕ ಮಾತ್ರ ಒಯ್ಯಬೇಡಿ, ದಯವಿಟ್ಟು. ಕಾದಂಬರಿ ಕೇಳುವವರು ಇರುತ್ತಾರೆ, ಆಸ್ತಿ ಹಕ್ಕಿನ ಬಗ್ಗೆ ಸರಳವಾಗಿ ಬರೆದದ್ದು ಇದೆಯಾ ಅಂತ ಮೆಲ್ಲಗೆ ಕೇಳುವವರೂ ಇರುತ್ತಾರೆ. ಮಧ್ಯಾಹ್ನದ ಒಂದು ಹೊತ್ತನ್ನು ಹೆಂಗಸರಿಗೆ ಅಂತ ಬಿಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಮಕ್ಕಳನ್ನು ಸೇರಿಸುವುದು ಈಗ ಸುಲಭ. 2020ರ ನವೆಂಬರ್‌ನಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾಯಿತು, ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಕಾಲ ಅದು. ಹದಿನೆಂಟರವರೆಗಿನ ಮಕ್ಕಳಿಗೆ ಸದಸ್ಯತ್ವ ಉಚಿತ. ಶಾಲೆಯ ಮೇಷ್ಟ್ರ ಜೊತೆ ಮಾತಾಡಿ ಒಂದೇ ದಿನ ಇಡೀ ತರಗತಿಯನ್ನು ಸದಸ್ಯರಾಗಿ ಮಾಡಬಹುದು. ಆದರೆ ಹೆಸರು ಬರೆಸಿದವರ ಸಂಖ್ಯೆ ನೋಡಿ ಸಮಾಧಾನಪಡಬೇಡಿ. ಈ ತಿಂಗಳು ಪುಸ್ತಕ ಒಯ್ದ ಮಕ್ಕಳು ಎಷ್ಟು, ಅದನ್ನು ನೋಡಿ. ಪುಸ್ತಕ ಕಡಿಮೆ ಇದ್ದರೆ ಸ್ಟೋರಿವೀವರ್ ಅನ್ನುವ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು ನಡೆಸುವುದು. ಪ್ರಿಂಟ್ ತೆಗೆದು ಹೊಲಿದು ಇಟ್ಟುಕೊಳ್ಳಲೂಬಹುದು, ಅನುಮತಿ ಇದೆ.

ಯಾವ ಪುಸ್ತಕ ಬೇಕು, ಯಾವುದು ಬೇಡ

ಸಗಟು ಖರೀದಿಯಲ್ಲಿ ಬಂದ ಪುಸ್ತಕದ ಆಯ್ಕೆ ನಮ್ಮ ಕೈಯಲ್ಲಿರುವುದಿಲ್ಲ. ಪಂಚಾಯಿತಿ ದುಡ್ಡಿನಲ್ಲಿ ಕೊಳ್ಳುವಾಗ ಮಾತ್ರ ನಮ್ಮ ಮಾತು ನಡೆಯುತ್ತದೆ, ಅದಕ್ಕೆ ತಯಾರಾಗಿರಬೇಕು. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಅದರ ಮೇಲೆ ‘ಕೇಳಿದರು, ಇರಲಿಲ್ಲ’ ಅಂತ ಬರೆಯಿರಿ. ಯಾರೇ ಬಂದು ಏನೇ ಕೇಳಿ, ನಾವು ಇಲ್ಲ ಅಂದಾಗೆಲ್ಲ ಒಂದು ಸಾಲು. ತಾರೀಖು, ಏನು ಕೇಳಿದರು, ಅಷ್ಟೇ. ಹೆಸರು ಬೇಡ. ಕೆಲವು ತಿಂಗಳು ಕಳೆದ ಮೇಲೆ ಈ ಪುಸ್ತಕ ತೆರೆದರೆ ಊರಿಗೆ ಏನು ಬೇಕು ಅನ್ನುವುದು ತಾನಾಗಿಯೇ ಕಾಣುತ್ತದೆ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯ ಪುಸ್ತಕ, ಮೊರಾರ್ಜಿ ಶಾಲೆ, ನವೋದಯ ಪ್ರವೇಶದ ಪುಸ್ತಕ, ರೇಷ್ಮೆ, ಅಡಿಕೆ ರೋಗ, ಸಕ್ಕರೆ ಕಾಯಿಲೆ, ಹಳೆಯ ಪತ್ತೇದಾರಿ ಕಾದಂಬರಿ. ಖರೀದಿ ಪಟ್ಟಿ ಕೇಳಿದ ದಿನ ಈ ನೋಟ್‌ಬುಕ್ಕನ್ನೇ ಮುಂದಿಡಿ. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಮಾರಾಟ ಇರುವುದರಿಂದ ಅದಕ್ಕೆ ಮುಂಚೆಯೇ ಮಂಜೂರಾತಿ ಆಗಿದ್ದರೆ ಅದೇ ದುಡ್ಡಿಗೆ ಜಾಸ್ತಿ ಪುಸ್ತಕ ಬರುತ್ತವೆ.

ತೆಗೆಯಬೇಕಾದವನ್ನು ತೆಗೆಯಲೂ ಬೇಕು. ಹಳೆಯ ಸಾಮಾನ್ಯ ಜ್ಞಾನದ ಗೈಡ್ ಇದ್ದರೆ ಅದರಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ ಅಂತ ಇರುತ್ತದೆ. 2021ರಲ್ಲಿ ವಿಜಯನಗರ 31ನೆಯದಾಗಿ ಬಂತು. ಕಾನೂನಿನ ಪುಸ್ತಕದಲ್ಲಿ ಐಪಿಸಿ ಕಲಮುಗಳೇ ಇರುತ್ತವೆ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಂಥ ಪುಸ್ತಕ ಓದಿ ಹುಡುಗನೊಬ್ಬ ತಪ್ಪು ಉತ್ತರ ಬರೆದರೆ ಅದರಲ್ಲಿ ನಮ್ಮ ಪಾಲೂ ಇದೆ. ಆದರೆ ಇವು ಸರ್ಕಾರದ ಆಸ್ತಿ, ಮನಸ್ಸಿಗೆ ಬಂದ ಹಾಗೆ ರದ್ದಿಗೆ ಹಾಕುವಂತಿಲ್ಲ. ಪಟ್ಟಿ ಮಾಡಿ, ಪರಿಗ್ರಹಣ ಸಂಖ್ಯೆ (ಪುಸ್ತಕ ಬಂದಾಗ ವಹಿಯಲ್ಲಿ ಅದಕ್ಕೆ ಕೊಟ್ಟ ನಂಬರ್) ಸಮೇತ ಪಿಡಿಒ ಅವರಿಗೆ ಕೊಟ್ಟು, ಒಪ್ಪಿಗೆ ಬಂದ ಮೇಲೆ ವಹಿಯಲ್ಲಿ ಕೆಂಪು ಶಾಯಿಯಲ್ಲಿ ನಮೂದಿಸಿ ತೆಗೆಯಿರಿ. ಒಪ್ಪಿಗೆ ಬರುವವರೆಗೆ ಅವನ್ನು ಬೇರೆ ಕಡೆ ಕಟ್ಟಿಡಿ, ಓದುವ ರ್‍ಯಾಕ್‌ನಲ್ಲಿ ಇರಬಾರದು. ಹಳೆ ಪೇಪರ್ ಮಾರಿದ ದುಡ್ಡಿಗೂ ರಸೀದಿ ಇರಲಿ. ಸಣ್ಣ ಮೊತ್ತ ಅಂತ ಬಿಟ್ಟರೆ ಮುಂದೆ ದೊಡ್ಡ ಮಾತು ಬರುವುದು ಅದರಿಂದಲೇ.

ದಾನವಾಗಿ ಪುಸ್ತಕ ಕೊಡುತ್ತೇವೆ ಅಂತ ಬರುವವರಿಗೆ ಮೊದಲೇ ಹೇಳಿಬಿಡಿ: ಬೇಕಾದವನ್ನು ಇಟ್ಟುಕೊಳ್ಳುತ್ತೇವೆ, ಉಳಿದವನ್ನು ಶಾಲೆಗೋ ರದ್ದಿಗೋ ಕೊಡುವ ಸ್ವಾತಂತ್ರ್ಯ ನಮಗಿರಲಿ ಅಂತ. ಹಳೇ ಪಠ್ಯಪುಸ್ತಕಗಳ ಮೂಟೆ ತಂದಿಟ್ಟು ಹೋಗುವವರು ಎಲ್ಲ ಊರಿನಲ್ಲೂ ಇದ್ದಾರೆ.

ಬಳಕೆಯ ಲೆಕ್ಕ

ಹಾಜರಾತಿ ಪುಸ್ತಕದಲ್ಲಿ ಸಹಿ ಮಾಡಿಸುತ್ತೇವೆ, ಎರವಲು ವಹಿ ಇದೆ, ಸದಸ್ಯತ್ವದ ವಹಿ ಇದೆ. ಇವು ತಪಾಸಣೆಗೆ ಸಾಕು, ನಮ್ಮ ಕೆಲಸ ಊರಿಗೆ ಕಾಣಿಸಲು ಸಾಲದು. ಒಳಗೆ ಬಂದ ಮೂವತ್ತು ಜನರಲ್ಲಿ ಪೇಪರ್ ಓದಿದವರು ಯಾರು, ಕಂಪ್ಯೂಟರ್‌ನಲ್ಲಿ ಅರ್ಜಿ ಹಾಕಿದವರು ಯಾರು, ಬೆಳೆ ವಿಮೆಯ ಕೊನೆ ದಿನ ಕೇಳಲು ಬಂದವರು ಯಾರು, ಇದ್ಯಾವುದೂ ಸಹಿಯಿಂದ ತಿಳಿಯುವುದಿಲ್ಲ.

ಅದಕ್ಕೆ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಳ್ಳಿ. ಐದಾರು ಕಾಲಂ ಎಳೆಯಿರಿ. ಪೇಪರ್, ಪುಸ್ತಕ, ಪರೀಕ್ಷೆ ಓದು, ಕಂಪ್ಯೂಟರ್, ಮಾಹಿತಿ ಕೇಳಿದ್ದು, ಮಕ್ಕಳ ಚಟುವಟಿಕೆ. ಬಂದವರ ಕೆಲಸಕ್ಕೆ ತಕ್ಕಂತೆ ಒಂದೊಂದು ಗೀಟು. ನಾಲ್ಕು ಗೀಟಿನ ಮೇಲೆ ಐದನೆಯದನ್ನು ಅಡ್ಡ ಎಳೆಯಿರಿ, ಸಂಜೆ ಕೂಡಿಸುವುದು ಸುಲಭ. ದಿನಾ ಮಾಡಲು ಆಗದಿದ್ದರೆ ತಿಂಗಳಲ್ಲಿ ಒಂದು ಪೂರ್ತಿ ವಾರ ಮಾಡಿ, ಆದರೆ ಜನ ಜಾಸ್ತಿ ಬರುವ ವಾರವನ್ನೇ ಆರಿಸಿಕೊಳ್ಳಬೇಡಿ. ಪ್ರತಿ ತಿಂಗಳೂ ಎರಡನೇ ವಾರ ಅಂತ ಒಮ್ಮೆ ಇಟ್ಟುಕೊಂಡರೆ ಅದೇ ವಾರ.

ಇನ್ನೊಂದು ಕಾಲಂ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಯಾವ ಊರು, ಯಾವ ವಾರ್ಡ್. ಒಂದು ಪಂಚಾಯಿತಿಗೆ ಹಲವು ಹಳ್ಳಿ ಸೇರಿರುತ್ತವೆ, ಲೈಬ್ರರಿ ಇರುವುದು ಒಂದರಲ್ಲಿ. ಮಿಕ್ಕ ಹಳ್ಳಿಯ ಸದಸ್ಯರಿಗೆ ‘ಅದು ಆ ಊರಿನವರ ಲೈಬ್ರರಿ’ ಅನ್ನಿಸುವುದು ಸಹಜ. ‘ನಿಮ್ಮ ವಾರ್ಡ್‌ನಿಂದ ಈ ತಿಂಗಳು ಇಷ್ಟು ಮಕ್ಕಳು ಪುಸ್ತಕ ಒಯ್ದಿದ್ದಾರೆ’ ಅಂತ ಹೇಳಿದ ಕೂಡಲೇ ಅವರು ಕೇಳುವ ರೀತಿಯೇ ಬೇರೆಯಾಗುತ್ತದೆ. ಯಾವ ಹಳ್ಳಿಯಿಂದ ಯಾರೂ ಬರುತ್ತಿಲ್ಲ ಅನ್ನುವುದೂ ಗೊತ್ತಾಗುತ್ತದೆ, ಪುಸ್ತಕದ ಚೀಲ ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಒಂದು ಎಚ್ಚರಿಕೆ. ಲೆಕ್ಕ ಊರಿನದು, ವ್ಯಕ್ತಿಯದಲ್ಲ. ಯಾರು ಯಾವ ಪುಸ್ತಕ ಒಯ್ದರು ಅನ್ನುವುದನ್ನು ಬೇರೆ ಓದುಗರ ಮುಂದೆ, ಮನೆಯವರ ಮುಂದೆ ಹೇಳಬೇಡಿ. ಕಾಯಿಲೆ ಬಗ್ಗೆ, ವಿಚ್ಛೇದನದ ಬಗ್ಗೆ ಓದಿದವರ ಹೆಸರು ಒಮ್ಮೆ ಹೊರಗೆ ಹೋದರೆ ಅವರು ಮತ್ತೆ ಬರುವುದಿಲ್ಲ. ಮಕ್ಕಳ ಫೋಟೊ ವಾಟ್ಸಾಪ್ ಗ್ರೂಪ್‌ಗೆ ಹಾಕುವ ಮುಂಚೆ ಮನೆಯವರನ್ನು ಕೇಳಿ.

ದುಡ್ಡಿನ ಲೆಕ್ಕಕ್ಕೆ ತಂದು ತೋರಿಸುವುದು

ಎಲ್ಲದಕ್ಕೂ ಬೆಲೆ ಕಟ್ಟಬೇಕಾ ಅಂತ ಕೇಳಬಹುದು. ಕಟ್ಟಲು ಆಗದ್ದೇ ಜಾಸ್ತಿ. ಆದರೂ ಪಂಚಾಯಿತಿಯವರು ವರ್ಷದ ಕೆಲಸ, ಖರ್ಚಿನ ಕ್ರಿಯಾ ಯೋಜನೆ ಬರೆಯುವ ಹೊತ್ತಿನಲ್ಲಿ ರೂಪಾಯಿಯ ಮಾತಿಗೆ ಇರುವ ತೂಕ ಬೇರೆ. ಆದ್ದರಿಂದ ಕಡಿಮೆ ಹಿಡಿದು ಲೆಕ್ಕ ಹಾಕಿ, ಯಾರೂ ಬೆರಳಿಟ್ಟು ತೋರಿಸದ ಹಾಗೆ.

ಉದಾಹರಣೆಗೆ, ತಿಂಗಳಿಗೆ 300 ಪುಸ್ತಕ ಎರವಲು ಹೋದವು ಅಂತ ಇಟ್ಟುಕೊಳ್ಳಿ. ಒಂದರ ಬೆಲೆ ಸರಾಸರಿ 120 ರೂಪಾಯಿ. ಪೂರ್ತಿ ಬೆಲೆ ಹಿಡಿದರೆ 36,000 ಆಗುತ್ತದೆ, ಆದರೆ ಅವರೆಲ್ಲ ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ, ಓದಿದ ಮೇಲೆ ಪುಸ್ತಕ ಅವರ ಹತ್ತಿರ ಉಳಿಯುವುದೂ ಇಲ್ಲ. ಕಾಲು ಭಾಗ ಹಿಡಿಯಿರಿ, 9,000. ಪರೀಕ್ಷೆಗೆ ದಿನಾ ಕೂತು ಓದುವವರು 8 ಜನ. ಹತ್ತಿರದ ಪಟ್ಟಣದ ಸ್ಟಡಿ ರೂಮ್‌ನಲ್ಲಿ ತಿಂಗಳಿಗೆ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ಫೋನ್ ಮಾಡಿ ಕೇಳಿ, 500 ಅಂದರೆ ಅಲ್ಲಿಗೆ 4,000. ಎರಡೂ ಸೇರಿ 13,000. ಬಸ್ ಚಾರ್ಜ್ ಸೇರಿಸುವುದಾದರೆ ಗಂಡುಮಕ್ಕಳದ್ದು ಮಾತ್ರ ಸೇರಿಸಿ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ ಅಲ್ವಾ. ಇಂಥ ಸಣ್ಣ ವಿಷಯದಲ್ಲಿ ಸರಿಯಾಗಿದ್ದರೆ ಉಳಿದ ಲೆಕ್ಕವನ್ನೂ ಜನ ನಂಬುತ್ತಾರೆ. ಇದರ ಪಕ್ಕದಲ್ಲೇ ಪಂಚಾಯಿತಿ ಆ ತಿಂಗಳು ಪೇಪರ್, ಕರೆಂಟ್, ಗೌರವಧನ ಅಂತ ಖರ್ಚು ಮಾಡಿದ್ದನ್ನೂ ಬರೆಯಿರಿ. ಖರ್ಚೇ ಜಾಸ್ತಿ ಕಂಡರೂ ಮುಚ್ಚಿಡಬೇಡಿ. ಮುಂದಿನ ತಿಂಗಳು ಬಳಕೆ ಏರಿದರೆ ಅದೂ ಅಲ್ಲೇ ಕಾಣುತ್ತದೆ.

ಅತಿ ಹೇಳಿಕೆಯೂ ಬೇಡ. ನಮ್ಮಲ್ಲಿ ಓದುತ್ತಿದ್ದ ಹುಡುಗಿಗೆ ಸರ್ಕಾರಿ ಕೆಲಸ ಸಿಕ್ಕಿದರೆ ‘ಲೈಬ್ರರಿಯಿಂದ ಕೆಲಸ ಸಿಕ್ಕಿತು’ ಅಂತ ಬರೆಯಬೇಡಿ. ‘ಇಲ್ಲಿ ಓದುತ್ತಿದ್ದವರೊಬ್ಬರು ಆಯ್ಕೆಯಾಗಿದ್ದಾರೆ’ ಅಂತ ಬರೆಯಿರಿ. ಶ್ರಮ ಅವರದು. ಒಪ್ಪಿದರೆ ಅವರನ್ನೇ ಕರೆಸಿ, ಈಗ ಓದುತ್ತಿರುವವರ ಜೊತೆ ಒಂದು ಸಂಜೆ ಮಾತಾಡಿಸಿ. ಯಾವ ವರದಿಗಿಂತಲೂ ಅದು ಹೆಚ್ಚು ಕೆಲಸ ಮಾಡುತ್ತದೆ.

ಯಾರಿಗೆ, ಎಲ್ಲಿ ಹೇಳುವುದು

ಬಾಗಿಲ ಹೊರಗೆ, ಕಟ್ಟೆಯ ಮೇಲೆ ಕೂತವರಿಗೂ ಕಾಣುವ ಹಾಗೆ ಒಂದು ಕಪ್ಪು ಹಲಗೆ ಇಡಿ. ಪ್ರತಿ ತಿಂಗಳ ಮೊದಲ ದಿನ ಮೂರೇ ಸಾಲು: ಕಳೆದ ತಿಂಗಳು ಎಷ್ಟು ಜನ ಬಂದರು, ಎಷ್ಟು ಪುಸ್ತಕ ಹೋದವು, ಯಾವ ಪುಸ್ತಕ ಹೊಸದಾಗಿ ಬಂತು. ಪಂಚಾಯಿತಿ ಸಭೆಗೆ ಒಂದೇ ಪುಟದ ವರದಿ ಸಾಕು, ಎರಡನೇ ಪುಟ ಯಾರೂ ತಿರುಗಿಸುವುದಿಲ್ಲ. ಸಭೆಗೆ ಎರಡು ಮೂರು ದಿನ ಮುಂಚೆ ಅಧ್ಯಕ್ಷರಿಗೆ, ಪಿಡಿಒ ಅವರಿಗೆ ಖುದ್ದಾಗಿ ಕೊಟ್ಟು, ‘ಮೇಡಂ, ಇದರಲ್ಲಿ ಏನಾದರೂ ಅನುಮಾನ ಇದ್ದರೆ ಈಗಲೇ ಕೇಳಿ’ ಅಂತ ಹೇಳಿ. ಸಭೆಯಲ್ಲಿ ಎಲ್ಲರ ಮುಂದೆ ಮೊದಲ ಸಲ ನೋಡಿದರೆ ಯಾರಿಗೂ ಹಿಡಿಸುವುದಿಲ್ಲ.

ಗ್ರಾಮ ಸಭೆಯಲ್ಲಿ ನೀವೇ ಎದ್ದು ಮಾತಾಡುವುದಕ್ಕಿಂತ ಓದುಗರು ಮಾತಾಡಿದರೆ ಬೆಲೆ ಜಾಸ್ತಿ. ಪೇಪರ್ ಓದಲು ದಿನಾ ಬರುವ ಹಿರಿಯರು, ಪರೀಕ್ಷೆಗೆ ಓದುವವರು, ಸಂಘದ ಹೆಂಗಸರು, ಇವರಲ್ಲಿ ಇಬ್ಬರು ಮೂವರು ಬಂದರೆ ಸಾಕು. ಏನು ಹೇಳಬೇಕು ಅಂತ ನೀವು ಹೇಳಿಕೊಡಬೇಡಿ, ತಮಗೆ ಏನು ಬೇಕೋ ಅದನ್ನೇ ಕೇಳಲಿ. ಮಕ್ಕಳ ಗ್ರಾಮ ಸಭೆಯನ್ನಂತೂ ಬಿಡಲೇಬಾರದು. ಅಲ್ಲಿ ಮಕ್ಕಳು ಕೇಳಿದ್ದಕ್ಕೆ ಅಧಿಕಾರಿಗಳು ಉತ್ತರ ಕೊಡಬೇಕಾಗುತ್ತದೆ. ‘ನಮ್ಮ ಲೈಬ್ರರಿಯಲ್ಲಿ ಕೂರಲು ಚಿಕ್ಕ ಕುರ್ಚಿ ಇಲ್ಲ, ಶೌಚಾಲಯಕ್ಕೆ ನೀರಿಲ್ಲ’ ಅಂತ ಐದನೇ ತರಗತಿಯ ಹುಡುಗಿ ಕೇಳಿದರೆ ಅದನ್ನು ತಳ್ಳಿಹಾಕುವುದು ಕಷ್ಟ.

ಕೇಳುವಾಗ ಒಂದೇ ವಸ್ತು ಕೇಳಿ, ದರ ಸಮೇತ ಕೇಳಿ. ‘ಲೈಬ್ರರಿ ಅಭಿವೃದ್ಧಿ ಆಗಬೇಕು’ ಅಂದರೆ ಎಲ್ಲರೂ ಹೌದು ಅನ್ನುತ್ತಾರೆ, ಏನೂ ಆಗುವುದಿಲ್ಲ. ‘ಎರಡು ಕಬ್ಬಿಣದ ರ್‍ಯಾಕ್ ಬೇಕು, ಇಲ್ಲಿದೆ ಕೊಟೇಶನ್, ನಮ್ಮ ಪಂಚಾಯಿತಿಗೆ ಈ ವರ್ಷ ಬಂದ ಗ್ರಂಥಾಲಯ ಕರ ಇಷ್ಟು, ಅದರಲ್ಲಿ ಇದು ಆಗುತ್ತದೆ’ ಅಂದರೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಕರ ಎಷ್ಟು ಸಂಗ್ರಹವಾಗಿದೆ ಅಂತ ಬಿಲ್ ಕಲೆಕ್ಟರ್ ಅಥವಾ ಕಾರ್ಯದರ್ಶಿಯವರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಒಪ್ಪಿದರೆ ಅದು ನಡಾವಳಿ ಪುಸ್ತಕದಲ್ಲಿ ಬರೆದಾಗಿದೆಯಾ ಅಂತ ಅದೇ ದಿನ ನೋಡಿ, ಠರಾವಿನ ಸಂಖ್ಯೆ, ತಾರೀಖು ಗುರುತು ಹಾಕಿಕೊಂಡು ಒಂದು ಪ್ರತಿ ನಿಮ್ಮ ಫೈಲಿಗೆ ಸೇರಿಸಿ. ಅಧ್ಯಕ್ಷರು ಬದಲಾಗುತ್ತಾರೆ, ಪಿಡಿಒ ವರ್ಗವಾಗಿ ಹೋಗುತ್ತಾರೆ. ಹೊಸಬರು ಬಂದಾಗ ಆ ಫೈಲ್ ತೆಗೆದುಕೊಂಡು ಹೋಗಿ ಮೊದಲ ವಾರದಲ್ಲೇ ಭೇಟಿಯಾಗಿ, ಲೈಬ್ರರಿಗೆ ಒಮ್ಮೆ ಬನ್ನಿ ಅಂತ ಕರೆಯಿರಿ. ಸಂಜೆ ಮಕ್ಕಳು ತುಂಬಿರುವ ಹೊತ್ತಿಗೇ ಕರೆಯಿರಿ.